ಒಳ್ಳೆ ಫ್ಯಾನ್ ಫಿಕ್ಷನ್ ಬೇಕಿದ್ದರೆ ಮೊದಲು ಒಳ್ಳೆ ಓದುಗರನ್ನು ಹುಡುಕಿ

ಇಷ್ಟವಾದ ಪುಸ್ತಕ, ಧಾರಾವಾಹಿ, ಪುರಾಣದ ಪಾತ್ರಗಳನ್ನು ಹಿಡಿದು ಅಭಿಮಾನಿಗಳು ಬರೆಯುವ ಕಥೆಯೇ ಫ್ಯಾನ್ ಫಿಕ್ಷನ್. ಅಂಥ ಕಥೆಗಳ ತಾಣವಾದ ಆರ್ಕೈವ್ ಆಫ್ ಅವರ್ ಓನ್, ಓದುಗರ ಬಾಯಲ್ಲಿ ಎಓ3, ಯಾವ ಕಥೆಯನ್ನೂ ತಾನಾಗಿ ನಿಮ್ಮ ಮುಂದೆ ತಂದಿಡುವುದಿಲ್ಲ. 2009ರ ನವೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಈ ತಾಣವನ್ನು ಸ್ವಯಂಸೇವಕರು ನಡೆಸುತ್ತಾರೆ. ಜಾಹೀರಾತಿಲ್ಲ, ಶುಲ್ಕವಿಲ್ಲ, ನೀವು ಓದಿದ್ದನ್ನು ಲೆಕ್ಕವಿಟ್ಟು ಮುಂದಿನದನ್ನು ತೋರಿಸುವ ವ್ಯವಸ್ಥೆಯೂ ಇಲ್ಲ. ದೊಡ್ಡ ಫ್ಯಾಂಡಮ್ (ಒಂದು ಮೂಲಕೃತಿಯ ಅಭಿಮಾನಿ ಬಳಗ) ಆದರೆ ಅದೊಂದರಲ್ಲೇ ಲಕ್ಷಗಟ್ಟಲೆ ಕಥೆಗಳಿರುತ್ತವೆ. ಮೇಲಿನಿಂದ ಕೆಳಕ್ಕೆ ಸ್ಕ್ರೋಲ್ ಮಾಡುತ್ತ ಕೂತರೆ ಸಂಜೆ ಕಳೆಯುತ್ತದೆಯೇ ಹೊರತು ಕಥೆ ಸಿಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಇನ್ನೊಬ್ಬ ಓದುಗರ ಶಿಫಾರಸು. ಎಲ್ಲರೂ ಅದನ್ನು ರೆಕ್ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಹೆಚ್ಚಿನವರು ರೆಕ್ ಪಟ್ಟಿ ಸಿಕ್ಕ ಕೂಡಲೇ ಅದರಲ್ಲಿರುವ ಕಥೆಗಳನ್ನು ಒಂದೊಂದಾಗಿ ತೆರೆಯಲು ಶುರು ಮಾಡುತ್ತಾರೆ. ಮೊದಲ ಮೂರು ಹಿಡಿಸದಿದ್ದರೆ ಪಟ್ಟಿಯನ್ನೇ ಬಿಟ್ಟುಬಿಡುತ್ತಾರೆ. ಪಟ್ಟಿ ಮಾಡಿದವರ ರುಚಿ ಏನೆಂದು ತಿಳಿಯುವ ಮೊದಲೇ ಕಥೆಗೆ ಕೈ ಹಾಕುವುದರಿಂದ ಹೀಗಾಗುತ್ತದೆ. ಒಬ್ಬ ಒಳ್ಳೆ ಶಿಫಾರಸುಗಾರರು ಸಿಕ್ಕರೆ ಐವತ್ತು ಕಥೆ ಸಿಕ್ಕ ಹಾಗೆ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಅವರನ್ನು.

ಇಷ್ಟವಾದ ಒಂದು ಕಥೆಯಿಂದ ಹೊರಡಿ

ನೀವು ಈಗಾಗಲೇ ಓದಿ ಮನಸಾರೆ ಮೆಚ್ಚಿದ ಒಂದು ಕಥೆಯ ಪುಟ ತೆರೆಯಿರಿ. ತೀರಾ ಪ್ರಸಿದ್ಧವಾದದ್ದು ಬೇಡ. ಎಲ್ಲರೂ ಮೆಚ್ಚಿದ್ದನ್ನು ಮೆಚ್ಚಿದವರ ಬಗ್ಗೆ ನಮಗೇನೂ ಗೊತ್ತಾಗುವುದಿಲ್ಲ. ಮಧ್ಯಮ ಮಟ್ಟದಲ್ಲಿ ಓದಿಸಿಕೊಂಡ, ನಿಮಗೆ ಮಾತ್ರ ವಿಶೇಷ ಅನ್ನಿಸಿದ ಕಥೆ ಆರಿಸಿ.

ಕಥೆಯ ತಲೆಭಾಗದಲ್ಲಿ ಪದಗಳು, ಅಧ್ಯಾಯಗಳು, ಕಾಮೆಂಟ್, ಕುಡೋಸ್ (ಮೆಚ್ಚುಗೆಯ ಗುರುತು), ಬುಕ್‌ಮಾರ್ಕ್, ಹಿಟ್ಸ್ (ಪುಟ ತೆರೆದ ಸಲಗಳು) ಎಂದು ಅಂಕಿಗಳ ಸಾಲಿರುತ್ತದೆ. ಅದರಲ್ಲಿ ಬುಕ್‌ಮಾರ್ಕ್ ಸಂಖ್ಯೆಯ ಮೇಲೆ ಒತ್ತಿ. ಆ ಕಥೆಯನ್ನು ಸಾರ್ವಜನಿಕವಾಗಿ ಬುಕ್‌ಮಾರ್ಕ್ ಮಾಡಿದವರೆಲ್ಲರ ಪಟ್ಟಿ ತೆರೆದುಕೊಳ್ಳುತ್ತದೆ. ಬಹಳಷ್ಟು ಮಂದಿ ಬರೀ ಗುರುತು ಹಾಕಿ ಹೋಗಿರುತ್ತಾರೆ, ಅವರನ್ನು ದಾಟಿ ಮುಂದೆ ಹೋಗಿ. ನಡುನಡುವೆ ಒಬ್ಬೊಬ್ಬರು ಎರಡು ಸಾಲು ಟಿಪ್ಪಣಿ ಬರೆದಿರುತ್ತಾರೆ. ಆ ಟಿಪ್ಪಣಿಯಲ್ಲಿ ನಿಮಗೂ ಅನ್ನಿಸಿದ್ದ ಮಾತೊಂದು ಕಂಡರೆ ಅಲ್ಲಿ ನಿಲ್ಲಿ. ಅವರ ಹೆಸರಿನ ಮೇಲೆ ಒತ್ತಿ, ಅವರ ಬುಕ್‌ಮಾರ್ಕ್‌ಗಳ ಪುಟಕ್ಕೆ ಹೋಗಿ.

ಅಲ್ಲೇ ಇರುವ ಫಿಲ್ಟರ್‌ನಲ್ಲಿ (ಫೋನಿನಲ್ಲಿ 'ಫಿಲ್ಟರ್ಸ್' ಎಂಬ ಗುಂಡಿ ಒತ್ತಿದರೆ ತೆರೆಯುತ್ತದೆ) ನಿಮ್ಮ ಫ್ಯಾಂಡಮ್ ಆರಿಸಿ. ಕೆಳಗೆ ಎರಡು ಚೌಕಗಳಿರುತ್ತವೆ: ರೆಕ್ ಮಾಡಿದವು ಮಾತ್ರ, ಟಿಪ್ಪಣಿ ಇರುವವು ಮಾತ್ರ. ಎರಡನೆಯದನ್ನು ಮೊದಲು ಗುರುತಿಸಿ. ರೆಕ್ ಚೌಕ ಒತ್ತುವ ಅಭ್ಯಾಸ ಎಲ್ಲರಿಗೂ ಇಲ್ಲ, ಆದರೆ ಟಿಪ್ಪಣಿ ಬರೆಯುವವರು ಕಥೆಯನ್ನು ಓದಿ ಮುಗಿಸಿರುತ್ತಾರೆ ಎಂದು ಹೆಚ್ಚುಕಡಿಮೆ ನಂಬಬಹುದು. ಬುಕ್‌ಮಾರ್ಕ್ ಮಾಡಿದವರೆಲ್ಲ ಓದಿದವರಲ್ಲ ಎಂಬುದು ನೆನಪಿರಲಿ. 'ಆಮೇಲೆ ಓದೋಣ' ಎಂದು ಗುರುತು ಹಾಕಿಟ್ಟವರ ಸಂಖ್ಯೆ ದೊಡ್ಡದು.

ಈಗ ಮುಖ್ಯವಾದ ಹೆಜ್ಜೆ. ಅವರ ಪಟ್ಟಿಯಲ್ಲಿ ನೀವು ಈಗಾಗಲೇ ಓದಿರುವ ಮೂರು ಕಥೆ ಹುಡುಕಿ. ಅವರು ಅವುಗಳ ಬಗ್ಗೆ ಬರೆದದ್ದನ್ನು ನಿಮ್ಮ ಅಭಿಪ್ರಾಯದ ಪಕ್ಕ ಇಟ್ಟು ನೋಡಿ. ಮೂರರಲ್ಲಿ ಎರಡು ಕೂಡಿ ಬಂದರೆ ಅವರ ಪಟ್ಟಿಯ ಹೊಸ ಕಥೆಗೆ ಧೈರ್ಯವಾಗಿ ಸಮಯ ಕೊಡಬಹುದು. ಒಂದೂ ಕೂಡಿ ಬರದಿದ್ದರೂ ಪುಟ ಮುಚ್ಚುವ ಅವಸರ ಬೇಡ, ಕಾರಣ ನೋಡಿ. 'ತುಂಬಾ ನಿಧಾನ, ಏನೂ ನಡೆಯುವುದೇ ಇಲ್ಲ' ಎಂದು ಅವರು ಬೈದ ಕಥೆಗಳೇ ನಿಮಗೆ ಹಿಡಿಸುವಂಥವಾದರೆ ಆ ಬೈಗುಳವೂ ನಿಮಗೆ ದಾರಿ ತೋರಿಸುತ್ತದೆ. ಸದಾ ಒಂದೇ ದಿಕ್ಕಿನಲ್ಲಿ ನಿಮ್ಮೊಂದಿಗೆ ಭಿನ್ನವಾಗುವ ಓದುಗರು, ಎಲ್ಲವನ್ನೂ ಹೊಗಳುವವರಿಗಿಂತ ಎಷ್ಟೋ ಉಪಯುಕ್ತ.

ಎಲ್ಲವನ್ನೂ ಹೊಗಳುವವರನ್ನು ಬಿಟ್ಟುಬಿಡಿ. ಸಾವಿರಾರು ಬುಕ್‌ಮಾರ್ಕ್, ಪ್ರತಿಯೊಂದಕ್ಕೂ ಅದೇ ಉತ್ಸಾಹ ಇದ್ದರೆ ಅದರಿಂದ ಏನನ್ನೂ ಆರಿಸಲು ಆಗುವುದಿಲ್ಲ.

ಇದೇ ರೀತಿ ನಿಮಗೆ ಇಷ್ಟವಾದ ಲೇಖಕರ ಬುಕ್‌ಮಾರ್ಕ್‌ಗಳನ್ನೂ ನೋಡಿ. ಚೆನ್ನಾಗಿ ಬರೆಯುವವರು ಏನನ್ನು ಮೆಚ್ಚಿ ಓದುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ. ಆದರೆ ಲೇಖಕರು ಸ್ನೇಹಿತರ ಕಥೆಗಳನ್ನೂ ಪ್ರೀತಿಯಿಂದ ಸೇರಿಸಿರುತ್ತಾರೆ. ಒಂದೇ ನಾಲ್ಕೈದು ಹೆಸರು ಮತ್ತೆ ಮತ್ತೆ ಬಂದರೆ ಅದು ಗೆಳೆಯರ ಬಳಗ ಎಂದುಕೊಂಡು ಆ ತೂಕದಲ್ಲೇ ತೆಗೆದುಕೊಳ್ಳಿ.

ಎಓ3ಯಲ್ಲಿ ಒಬ್ಬರನ್ನು 'ಸಬ್‌ಸ್ಕ್ರೈಬ್' ಮಾಡಿದರೆ ಅವರು ಬರೆದ ಹೊಸ ಕಥೆಯ ಸುದ್ದಿ ಇಮೇಲಿಗೆ ಬರುತ್ತದೆ, ಅವರು ಹೊಸದಾಗಿ ಬುಕ್‌ಮಾರ್ಕ್ ಮಾಡಿದ್ದರ ಸುದ್ದಿ ಬರುವುದಿಲ್ಲ. ಆದ್ದರಿಂದ ಶಿಫಾರಸುಗಾರರ ಬುಕ್‌ಮಾರ್ಕ್ ಪುಟವನ್ನು ಫಿಲ್ಟರ್ ಹಾಕಿದ ಸ್ಥಿತಿಯಲ್ಲೇ ನಿಮ್ಮ ಬ್ರೌಸರಿನಲ್ಲಿ ಉಳಿಸಿಕೊಂಡು ತಿಂಗಳಿಗೊಮ್ಮೆ ಹೋಗಿ ನೋಡಿ. ಇಂಥ ನಾಲ್ಕೈದು ಪುಟ ಕೈಯಲ್ಲಿದ್ದರೆ ವರ್ಷದ ಓದಿಗೆ ಸಾಕು.

ಟಿಪ್ಪಣಿಯನ್ನು ಓದುವ ಬಗೆ

ಮಹಾಭಾರತದ ಮೇಲೆ ಬರೆದ ಒಂದು ಕಥೆಗೆ ಎರಡು ಟಿಪ್ಪಣಿ ಇವೆ ಎಂದುಕೊಳ್ಳಿ. ಎರಡೂ ಇಲ್ಲಿ ಉದಾಹರಣೆಗಾಗಿ ಕಟ್ಟಿದವು. ಟ್ಯಾಗ್ ಎಂದರೆ ಕಥೆಯಲ್ಲಿ ಏನಿದೆ ಎಂದು ಲೇಖಕರು ಹಾಕುವ ಗುರುತುಪದ.

'ಅಯ್ಯೋ ದೇವ್ರೇ, ಅತ್ತು ಅತ್ತು ಸಾಕಾಯ್ತು. ಮಾಸ್ಟರ್‌ಪೀಸ್. ಎಲ್ರೂ ಓದ್ಲೇಬೇಕು!!!'

'ಯುದ್ಧ ಮುಗಿದ ಮೇಲಿನ ಹಸ್ತಿನಾಪುರ, ಉತ್ತರೆಯ ಕಣ್ಣಿನಲ್ಲಿ. ಮೊದಲ ಎರಡು ಅಧ್ಯಾಯ ನಿಧಾನ, ಮೂರನೆಯದರಲ್ಲಿ ಗಾಂಧಾರಿ ಬಂದ ಮೇಲೆ ಹಿಡಿಯುತ್ತದೆ. ಕೃಷ್ಣನ ಮಾತು ಒಂದೆರಡು ಕಡೆ ಉಪದೇಶವಾಗಿದೆ. ಮುಗಿದಿದೆ, 40 ಸಾವಿರ ಪದ. ಮಗುವಿನ ಸಾವಿನ ಪ್ರಸಂಗ ಇದೆ, ಟ್ಯಾಗಿನಲ್ಲಿ ಹೇಳಿಲ್ಲ.'

ಮೊದಲನೆಯದರಿಂದ ಬರೆದವರ ಮನಸ್ಸಿನ ಸ್ಥಿತಿ ಮಾತ್ರ ತಿಳಿಯುತ್ತದೆ. ಎರಡನೆಯದು ಕಥೆ ಯಾರ ಕಣ್ಣಿನಲ್ಲಿದೆ, ಎಲ್ಲಿಯವರೆಗೆ ತಾಳ್ಮೆ ಬೇಕು, ಎಲ್ಲಿ ಸೋಲುತ್ತದೆ, ಮುಗಿದಿದೆಯೋ ಇಲ್ಲವೋ, ಏನಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂಬುದನ್ನೆಲ್ಲ ಐದು ವಾಕ್ಯದಲ್ಲಿ ಹೇಳಿಬಿಟ್ಟಿದೆ. ಒಂದು ಕೊರತೆಯನ್ನಾದರೂ ಹೆಸರಿಸಿದ ಶಿಫಾರಸನ್ನು ಹೆಚ್ಚು ನಂಬಿ. ಕೊರತೆ ಕಂಡೂ ಶಿಫಾರಸು ಮಾಡಿದ್ದಾರೆಂದರೆ ಆ ಕೊರತೆಯನ್ನು ಮೀರಿದ್ದೇನೋ ಅದರಲ್ಲಿದೆ.

ಪಾತ್ರಗಳ ಮಾತಿನ ಬಗ್ಗೆ ಏನಾದರೂ ಬರೆದಿದ್ದಾರೆಯೇ ಎಂದೂ ನೋಡಿ. ಫ್ಯಾನ್ ಫಿಕ್ಷನ್ ಹೆಚ್ಚಾಗಿ ಮುಗ್ಗರಿಸುವುದು ಅಲ್ಲೇ. ಕಥಾವಸ್ತು ಎಷ್ಟೇ ಚೆನ್ನಾಗಿರಲಿ, ಮೂಲದಲ್ಲಿ ಮೂರು ಮಾತಿಗಿಂತ ಹೆಚ್ಚು ಆಡದ ಪಾತ್ರ ಇಲ್ಲಿ ಪುಟಗಟ್ಟಲೆ ಮನಸ್ಸು ಬಿಚ್ಚಿಕೊಂಡರೆ ಓದು ಕೆಡುತ್ತದೆ. 'ಇವಳು ಹೀಗೇ ಮಾತಾಡುವುದು' ಎಂದು ಒಬ್ಬ ಓದುಗರು ಬರೆದಿದ್ದರೆ ಅದಕ್ಕೆ ಬೆಲೆ ಕೊಡಿ.

ಅಂಕಿಗಳು ಎಲ್ಲಿ ದಾರಿ ತಪ್ಪಿಸುತ್ತವೆ

ಕುಡೋಸ್ ಪ್ರಕಾರ ಜೋಡಿಸಿ ಮೇಲಿನ ಹತ್ತನ್ನು ಓದುವುದು ಸುಲಭದ ದಾರಿ. ಹೊಸ ಫ್ಯಾಂಡಮ್‌ಗೆ ಕಾಲಿಟ್ಟಾಗ ಅದು ತಪ್ಪೂ ಅಲ್ಲ. ಆದರೆ ಕುಡೋಸ್ ಎನ್ನುವುದು ಒಬ್ಬರು ಒಂದು ಕಥೆಗೆ ಒಂದೇ ಸಲ ಕೊಡಬಹುದಾದ ಮೆಚ್ಚುಗೆ. ಮೂವತ್ತು ಅಧ್ಯಾಯದ ಕಾದಂಬರಿಯನ್ನು ಮೂರು ತಿಂಗಳು ಕಾದು ಓದಿದವರಿಗೂ ಒಂದೇ, ಹತ್ತು ನಿಮಿಷದ ಕಥೆ ಓದಿದವರಿಗೂ ಒಂದೇ. ಹಿಟ್ಸ್ ಹಾಗಲ್ಲ. ಹೊಸ ಅಧ್ಯಾಯ ಬಂದಾಗಲೆಲ್ಲ ಅದೇ ಓದುಗರು ಮರಳಿ ಬರುವುದರಿಂದ ಏರುತ್ತಲೇ ಹೋಗುತ್ತದೆ. ಹೀಗಾಗಿ ಹಿಟ್ಸ್‌ಗೆ ಕುಡೋಸ್ ಹೋಲಿಸಿ ಗುಣ ಅಳೆಯಲು ಹೊರಟರೆ ಉದ್ದದ ಕಥೆಗಳೆಲ್ಲ ಸುಮ್ಮನೆ ಕಳಪೆಯಾಗಿ ಕಾಣುತ್ತವೆ. ಈ ಲೆಕ್ಕ ಹಾಕಲೇಬೇಕೆಂದಿದ್ದರೆ ಒಂದೇ ಅಧ್ಯಾಯದ ಕಥೆಗಳನ್ನು ತಮ್ಮತಮ್ಮಲ್ಲೇ ಹೋಲಿಸಿ.

ಹಳೆಯ ಕಥೆಗೆ ಮೆಚ್ಚುಗೆ ಕೂಡಲು ಹೆಚ್ಚು ವರ್ಷ ಸಿಕ್ಕಿರುತ್ತದೆ. ಜನಪ್ರಿಯ ಜೋಡಿಯ ಕಥೆಗೆ ಓದುಗರು ಮೊದಲೇ ಕಾದಿರುತ್ತಾರೆ. ಪ್ರಣಯವಿಲ್ಲದ, 'ಜೆನ್' ವರ್ಗದ ಕಥೆಗಳು ಎಷ್ಟೇ ಚೆನ್ನಾಗಿದ್ದರೂ ಅಂಕಿಗಳಲ್ಲಿ ಹಿಂದೆಯೇ ಉಳಿಯುತ್ತವೆ. ಅವನ್ನು ಹೊರತೆಗೆಯುವುದು ಶಿಫಾರಸು ಮಾತ್ರ. ಅದಕ್ಕೇ ಬುಕ್‌ಮಾರ್ಕ್ ಹುಡುಕಾಟದಲ್ಲಿ ಫ್ಯಾಂಡಮ್ ಹೆಸರಿನ ಜೊತೆ ಜೆನ್ ಸೇರಿಸಿ, ರೆಕ್ ಚೌಕ ಗುರುತಿಸಿ ನೋಡುವುದು ಒಳ್ಳೆಯ ಅಭ್ಯಾಸ. ಈ ಹುಡುಕಾಟ ಕಥೆ ಹುಡುಕುವ ಪುಟದಲ್ಲಿಲ್ಲ, 'ಸರ್ಚ್' ಪಟ್ಟಿಯಲ್ಲಿ 'ಬುಕ್‌ಮಾರ್ಕ್ಸ್' ಎಂದು ಬೇರೆಯೇ ಇದೆ. ಅಲ್ಲಿ ಕಥೆಯ ಟ್ಯಾಗ್‌ಗೆ ಒಂದು ಜಾಗ, ಬುಕ್‌ಮಾರ್ಕ್ ಮಾಡಿದವರು ತಾವೇ ಹಾಕಿದ ಟ್ಯಾಗ್‌ಗೆ ಇನ್ನೊಂದು ಜಾಗ. ಎರಡನ್ನು ಅದಲುಬದಲು ಮಾಡಿದರೆ ಏನೂ ಸಿಗುವುದಿಲ್ಲ. ಓದುಗರು ಹಾಕುವ ಟ್ಯಾಗ್‌ಗಳು ಸ್ವಾರಸ್ಯವಾಗಿರುತ್ತವೆ: 'ಮತ್ತೆ ಓದಬೇಕು', 'ಮಳೆಗಾಲಕ್ಕೆ' ಥರದವು. ಒಬ್ಬರ 'ಮತ್ತೆ ಓದಿದ್ದು' ಎಂಬ ಟ್ಯಾಗ್ ಸಿಕ್ಕರೆ ಅವರ ಉಳಿದ ಸಾವಿರ ಬುಕ್‌ಮಾರ್ಕ್ ಬಿಟ್ಟು ನೇರ ಅಲ್ಲಿಗೆ ಹೋಗಿ.

ಬೇರೆ ತಾಣಗಳಲ್ಲಿ

1998ರಲ್ಲಿ ಶುರುವಾದ ಫ್ಯಾನ್‌ಫಿಕ್ಷನ್.ನೆಟ್‌ನಲ್ಲಿ ಟ್ಯಾಗ್ ವ್ಯವಸ್ಥೆ ಬಡವಾಗಿದೆ, ಹಾಗಾಗಿ ಅಲ್ಲಿ ಓದುಗರ ಆಯ್ಕೆಗೆ ಇನ್ನೂ ಹೆಚ್ಚಿನ ಬೆಲೆ. ಪ್ರತಿ ಸದಸ್ಯರ ಪ್ರೊಫೈಲಿನಲ್ಲಿ ಮೆಚ್ಚಿನ ಕಥೆಗಳ ಪಟ್ಟಿ ಇರುತ್ತದೆ. ಅದಲ್ಲದೆ 'ಕಮ್ಯುನಿಟೀಸ್' ವಿಭಾಗದಲ್ಲಿ ಕೆಲವರು ಸೇರಿ ಒಂದು ವಿಷಯದ ಕಥೆಗಳನ್ನು ಆರಿಸಿಟ್ಟಿರುತ್ತಾರೆ. ಅಲ್ಲಿ ಎಂ ದರ್ಜೆಯ (ಪ್ರೌಢ ಓದುಗರಿಗೆಂದು ಗುರುತಿಸಿದ) ಕಥೆಗಳು ಮೊದಲಿಗೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಫಿಲ್ಟರ್ ಬದಲಿಸಬೇಕು. ಯಾರೋ ಹೇಳಿದ ಕಥೆ ಪಟ್ಟಿಯಲ್ಲಿ ಸಿಗದಿದ್ದರೆ ಕಾರಣ ಇದೇ ಇರಬಹುದು.

ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ವಾಟ್‌ಪ್ಯಾಡ್‌ನಲ್ಲಿ ಪ್ರೊಫೈಲಿನೊಳಗಿನ 'ರೀಡಿಂಗ್ ಲಿಸ್ಟ್' ನೋಡಿ. ಹಿಂದಿ ಧಾರಾವಾಹಿಗಳ ಅಭಿಮಾನಿ ಕಥೆಗಳಿಗೆ ಇಂಡಿಯಾ ಫೋರಮ್ಸ್ ಹಳೆಯ ಅಡ್ಡ. ಕನ್ನಡದಲ್ಲೇ ಬರೆದದ್ದು ಬೇಕೆಂದರೆ ಬೆಂಗಳೂರಿನದೇ ಕಥಾತಾಣವಾದ ಪ್ರತಿಲಿಪಿಯನ್ನೂ ವಾಟ್‌ಪ್ಯಾಡನ್ನೂ ಹುಡುಕಬೇಕು. ಪುರಾಣದ ಪಾತ್ರಗಳ ಹೆಸರು ಹಾಕಿದರೆ ಅಲ್ಲಿ ಒಳ್ಳೆಯವು ಸಿಗುತ್ತವೆ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹುಡುಕಿ, ಬರೆಯುವವರು ಎರಡೂ ರೀತಿ ಟ್ಯಾಗ್ ಹಾಕುತ್ತಾರೆ. ಓದುಗರು ಕೊಟ್ಟ ನಕ್ಷತ್ರಗಳನ್ನು ನೆಚ್ಚಿಕೊಳ್ಳಬೇಡಿ. 'ಚೆನ್ನಾಗಿದೆ ಮೇಡಂ, ಮುಂದಿನ ಭಾಗ ಬೇಗ ಹಾಕಿ' ಎನ್ನುವುದು ಪ್ರೋತ್ಸಾಹ, ಶಿಫಾರಸಲ್ಲ. ಪಾತ್ರದ ಹೆಸರು ಹಿಡಿದು ಮಾತಾಡಿದ ವಿಮರ್ಶೆಯನ್ನು ಹುಡುಕಿ, ಬರೆದವರ ಪುಟಕ್ಕೆ ಹೋಗಿ.

ಸಣ್ಣ ಫ್ಯಾಂಡಮ್ ಆದರೆ

ಇಡೀ ಫ್ಯಾಂಡಮ್‌ನಲ್ಲಿ ಅರವತ್ತೇ ಕಥೆಗಳಿದ್ದರೆ ರೆಕ್ ಪಟ್ಟಿ ಹುಡುಕುವ ಬದಲು ಎಲ್ಲದರ ಸಾರಾಂಶ ಓದಿಬಿಡುವುದೇ ಬೇಗ. ಮಧ್ಯದ ಗಾತ್ರದವಕ್ಕೆ ಯೂಲ್‌ಟೈಡ್ ನೆನಪಿಡಿ. 2003ರಿಂದ ಪ್ರತಿ ಡಿಸೆಂಬರಿನಲ್ಲಿ ನಡೆಯುವ ಈ ಕಥಾ ವಿನಿಮಯ ಅಪರೂಪದ ಫ್ಯಾಂಡಮ್‌ಗಳಿಗಾಗಿಯೇ ಇರುವುದು. ಒಬ್ಬರು ಕೇಳಿದ ಪಾತ್ರಗಳ ಮೇಲೆ ಇನ್ನೊಬ್ಬರು ಬರೆದು ಕ್ರಿಸ್‌ಮಸ್ ದಿನಕ್ಕೆ ಉಡುಗೊರೆ ಕೊಡುತ್ತಾರೆ. ಕೇಳಿದವರಿಗಾಗಿ ಮನಸ್ಸಿಟ್ಟು ಬರೆದವು, ಕನಿಷ್ಠ 1,000 ಪದ ಇರಲೇಬೇಕು. ಎಓ3ಯಲ್ಲಿ ವರ್ಷವಾರು ಸಂಗ್ರಹಗಳಿವೆ. ಪ್ರತಿ ವರ್ಷದ ಸಂಗ್ರಹದೊಳಗೆ ನಿಮ್ಮ ಫ್ಯಾಂಡಮ್ ಹೆಸರು ಹುಡುಕಿ. ಆ ವಾರದಲ್ಲಿ ಓದುಗರು ರೆಕ್ ಬರೆಯುವ ಉತ್ಸಾಹ ಬೇರೆ ಯಾವಾಗಲೂ ಇರುವುದಿಲ್ಲ.

ಕೇಳುವಾಗ ಹೇಗೆ ಕೇಳಬೇಕು

ವಾಟ್ಸ್‌ಆಪ್ ಗುಂಪಿರಲಿ, ಡಿಸ್ಕಾರ್ಡ್ ಇರಲಿ, ಕಬ್ಬನ್ ಪಾರ್ಕಿನಲ್ಲಿ ಶನಿವಾರ ಚಾಪೆ ಹಾಸಿಕೊಂಡು ಓದುವವರ ನಡುವೆ ಪರಿಚಯವಾದವರಿರಲಿ, 'ಯಾವ್ದಾದ್ರೂ ಚೆನ್ನಾಗಿರೋ ಫಿಕ್ ಇದ್ರೆ ಹೇಳ್ರಪ್ಪಾ' ಎಂದು ಕೇಳಿದರೆ ಎಲ್ಲರಿಗೂ ಗೊತ್ತಿರುವ ಅದೇ ಐದು ಹೆಸರು ಬರುತ್ತವೆ. ತಪ್ಪು ಉತ್ತರ ಕೊಟ್ಟವರದಲ್ಲ, ಪ್ರಶ್ನೆಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ.

ಇಷ್ಟವಾದ ಎರಡು ಕಥೆ, ಯಾಕೆ ಇಷ್ಟವಾಯಿತು ಎಂಬ ಒಂದು ಸಾಲು, ಅರ್ಧಕ್ಕೆ ಬಿಟ್ಟ ಒಂದು ಕಥೆ, ಬಿಟ್ಟ ಕಾರಣ, ಎಷ್ಟು ಉದ್ದ ಬೇಕು, ಮುಗಿದದ್ದೇ ಆಗಬೇಕೋ, ಏನು ಬೇಡವೇ ಬೇಡ — ಇಷ್ಟು ಹೇಳಿ. 'ಅಕ್ಕಾ, ಕರ್ಣ ಬದುಕುಳಿಯೋ ಕಥೆಗಳು ತುಂಬಾ ಓದಿದೀನಿ, ಎಲ್ಲದರಲ್ಲೂ ಅವನಿಗೆ ಪಟ್ಟ ಕಟ್ಟಿ ಮುಗಿಸ್ತಾರೆ. ಪಟ್ಟ ಬೇಡ ಅಂದು ಹೊರಟುಹೋಗೋಥರದ್ದು, ಕುಂತಿ ಜೊತೆ ಮಾತು ಇರೋದು, 20 ಸಾವಿರ ಪದದ ಒಳಗೆ, ಮುಗಿದಿರೋದು ಇದೆಯಾ?' ಎಂದು ಕೇಳಿದರೆ ಓದಿಕೊಂಡವರಿಗೆ ಉತ್ತರ ಹೊಳೆಯುತ್ತದೆ. ಬಿಟ್ಟ ಕಥೆಯನ್ನು ಹೆಸರಿಸುವುದು ಮರೆಯಬೇಡಿ. ಇಷ್ಟವಾದದ್ದಕ್ಕಿಂತ ಇಷ್ಟವಾಗದ್ದು ರುಚಿಯನ್ನು ಬೇಗ ತಿಳಿಸುತ್ತದೆ. ಓದಿದ ಮೇಲೆ ಹೇಗನ್ನಿಸಿತೆಂದು ಬಂದು ಹೇಳಿ, ಹಿಡಿಸದಿದ್ದರೂ ಹೇಳಿ. ಹಾಗೆ ಹೇಳುವವರಿಗೆ ಮುಂದಿನ ಸಲ ಇನ್ನೂ ಹತ್ತಿರದ ಕಥೆ ಸಿಗುತ್ತದೆ.

ತೆರೆಯುವ ಮೊದಲು ನೋಡಬೇಕಾದದ್ದು

ಅಧ್ಯಾಯಗಳ ಅಂಕಿ 12/12 ಎಂದಿದ್ದರೆ ಮುಗಿದಿದೆ. 12/? ಎಂದಿದ್ದರೆ ಎಷ್ಟಕ್ಕೆ ಮುಗಿಯುತ್ತದೆಂದು ಬರೆದವರೂ ಹೇಳಿಲ್ಲ. ಕೊನೆಯ ಸಲ ಸೇರಿಸಿದ ದಿನಾಂಕ ನೋಡಿ. ವರ್ಷಗಳ ಹಿಂದೆ ನಿಂತಿದ್ದರೆ ಅಪೂರ್ಣ ಎಂದೇ ತಿಳಿದು ಓದಿ, ಅಥವಾ ಬಿಡಿ. ಹಳೆಯ ರೆಕ್ ಪಟ್ಟಿಗಳಲ್ಲಿ 'ಈಗ ಬರೆಯುತ್ತಿದ್ದಾರೆ' ಎಂದು ಹೊಗಳಿದ ಎಷ್ಟೋ ಕಥೆಗಳು ಅಲ್ಲೇ ನಿಂತಿವೆ.

ಪದಗಳನ್ನು ಸಮಯಕ್ಕೆ ಬದಲಿಸಿಕೊಳ್ಳಿ. ನಿಮಿಷಕ್ಕೆ 250 ಪದ ಓದುವವರಿಗೆ ಒಂದು ಲಕ್ಷ ಪದ ಎಂದರೆ 6 ಗಂಟೆ 40 ನಿಮಿಷ. ವೈಟ್‌ಫೀಲ್ಡ್ ಕಡೆಯಿಂದ ಮೆಜೆಸ್ಟಿಕ್‌ಗೆ ಮೆಟ್ರೊದಲ್ಲಿ 45 ನಿಮಿಷ ಓದಲು ಸಿಕ್ಕರೆ ಸುಮಾರು 11 ಸಾವಿರ ಪದ ಆಗುತ್ತದೆ. ನೇರಳೆ ಮಾರ್ಗ ಕಬ್ಬನ್ ಪಾರ್ಕಿನಿಂದ ನೆಲದಡಿ ಇಳಿಯುತ್ತದೆ, ಸಿಗ್ನಲ್ ಕೈಕೊಟ್ಟರೆ ಮುಂದಿನ ಅಧ್ಯಾಯ ತೆರೆಯುವುದಿಲ್ಲ. ಮನೆಯಿಂದ ಹೊರಡುವ ಮೊದಲೇ ಕಥೆಯ ಪುಟದ 'ಡೌನ್‌ಲೋಡ್' ಒತ್ತಿ ಇಪಬ್ (ಇ-ಪುಸ್ತಕದ ಕಡತ) ಇಳಿಸಿಕೊಳ್ಳಿ, ಕಿಂಡಲ್‌ಗೂ ಅದನ್ನೇ ಕಳಿಸಬಹುದು. ಇಳಿಸಿದ ಪ್ರತಿ ತಾನಾಗಿ ಹೊಸದಾಗುವುದಿಲ್ಲ, ಮುಗಿಯದ ಕಥೆಯಾದರೆ ಮತ್ತೆ ಇಳಿಸಬೇಕು.

ದರ್ಜೆ, ಎಚ್ಚರಿಕೆ ಎರಡನ್ನೂ ಟಿಪ್ಪಣಿಯಲ್ಲಿ ಹುಡುಕದೆ ಕಥೆಯ ಮೇಲೆಯೇ ಓದಿ. ಎಓ3ಯಲ್ಲಿ ಕಡ್ಡಾಯ ಎಚ್ಚರಿಕೆಗಳು ನಾಲ್ಕೇ: ಕ್ರೂರ ಹಿಂಸೆಯ ವರ್ಣನೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ. 'ಎಚ್ಚರಿಕೆ ಹಾಕದಿರಲು ಲೇಖಕರು ನಿರ್ಧರಿಸಿದ್ದಾರೆ' ಎಂಬ ಅರ್ಥದ ಸಾಲು ಕಂಡರೆ ಇವು ಇಲ್ಲ ಎಂದು ತಿಳಿಯಬೇಡಿ, ಯಾವುದೂ ಇರಬಹುದು ಎಂದು ತಿಳಿಯಿರಿ. 'ಡೆಡ್ ಡವ್' ಎಂಬ ಟ್ಯಾಗ್ ಇದ್ದರೆ ಉಳಿದ ಟ್ಯಾಗ್‌ಗಳು ಹೇಳುವ ಕತ್ತಲು ನಿಜಕ್ಕೂ ಅಷ್ಟೇ ದಟ್ಟವಾಗಿದೆ ಎಂದರ್ಥ. ಮನಸ್ಸು ಸರಿಯಿಲ್ಲದ ದಿನ ಅದನ್ನು ತೆರೆಯಬೇಡಿ.

ಕೊಂಡಿ ಒತ್ತಿದಾಗ ಲಾಗಿನ್ ಪುಟ ಬಂದರೆ ಕಥೆ ಅಳಿದಿಲ್ಲ, ಸದಸ್ಯರಿಗೆ ಮಾತ್ರ ಕಾಣುವಂತೆ ಬೀಗ ಹಾಕಿದ್ದಾರೆ. ಖಾತೆ ಉಚಿತ. ಇಮೇಲ್ ವಿಳಾಸ ಕೊಟ್ಟು ಸರದಿಯಲ್ಲಿ ನಿಂತರೆ ಆಹ್ವಾನ ಬರುತ್ತದೆ. ನಿಜಕ್ಕೂ ಅಳಿದಿದ್ದರೆ ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ಕೊಂಡಿ ಹಾಕಿ ನೋಡಬಹುದು. ಎಓ3ಗೆ ಅಧಿಕೃತ ಆ್ಯಪ್ ಇಲ್ಲ. ಅದೇ ಕಥೆಗಳನ್ನು ಹಣ ಕೇಳಿ ಅಥವಾ ಜಾಹೀರಾತು ತುಂಬಿ ತೋರಿಸುವ ಆ್ಯಪ್ ಕಂಡರೆ ಅದು ಲೇಖಕರದೂ ಅಲ್ಲ, ತಾಣದ್ದೂ ಅಲ್ಲ. ಅಲ್ಲಿಂದ ಓದಬೇಡಿ, ಅಲ್ಲಿನ ಕೊಂಡಿಯನ್ನು ಯಾರಿಗೂ ಕಳಿಸಬೇಡಿ.

ಹೊಸ ಶಿಫಾರಸುಗಾರರ ಕಥೆಗೆ ಮೊದಲ 3,000 ಪದ ಕೊಡಿ, ಹಿಡಿಸದಿದ್ದರೆ ಬಿಡಿ. ಪರೀಕ್ಷೆಯಲ್ಲಿ ಗೆದ್ದ ಶಿಫಾರಸುಗಾರರಾದರೆ 10,000ದವರೆಗೆ ತಾಳಿ, ಅವರು ಆ ನಂಬಿಕೆ ಸಂಪಾದಿಸಿಕೊಂಡಿದ್ದಾರೆ.

ನೀವೂ ಬರೆಯಿರಿ

ಓದಿ ಮುಗಿಸಿದ ದಿನವೇ ಬುಕ್‌ಮಾರ್ಕ್ ಗುಂಡಿ ಒತ್ತಿ ಮೂರು ಸಾಲು ಬರೆಯಿರಿ: ಯಾರ ಕಥೆ, ಯಾವುದು ಚೆನ್ನ, ಯಾವುದಕ್ಕೆ ತಾಳ್ಮೆ ಬೇಕು. ಕಥೆಯ ಗುಟ್ಟು ಬಿಚ್ಚಬೇಡಿ. ನಿಮ್ಮದೇ ಒಂದೆರಡು ಟ್ಯಾಗ್ ಹಾಕಿ, ಮನಸಾರೆ ಹೇಳುವುದಾದರೆ ಮಾತ್ರ ರೆಕ್ ಚೌಕ ಒತ್ತಿ. ಕಥೆಯ ಹೆಸರನ್ನೂ ಬರೆದವರ ಹೆಸರನ್ನೂ ಟಿಪ್ಪಣಿಯೊಳಗೆ ಸೇರಿಸಿ. ಮುಂದೆ ಕಥೆ ಅಳಿದರೆ ಬುಕ್‌ಮಾರ್ಕ್ ಉಳಿಯುತ್ತದೆ, ಆದರೆ ಯಾವ ಕಥೆಯಾಗಿತ್ತು ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಸಾರ್ವಜನಿಕ ಬುಕ್‌ಮಾರ್ಕ್‌ನಲ್ಲಿ ಬರೆದದ್ದನ್ನು ಲೇಖಕರೂ ಓದುತ್ತಾರೆ. ಕೊರತೆ ಹೇಳುವುದು ಸರಿ, ಕುಟುಕುವುದು ಬೇಡ. ಇವರು ಬಿಡುವಿನಲ್ಲಿ, ಕಾಸಿಲ್ಲದೆ ಬರೆಯುವವರು. ಕಟುವಾಗಿ ಬರೆದಿಟ್ಟುಕೊಳ್ಳಬೇಕಿದ್ದರೆ 'ಪ್ರೈವೇಟ್' ಚೌಕ ಇದೆ. ಬೀಗ ಹಾಕಿದ ಕಥೆಯ ಪಠ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಬೇಡಿ, ಕೊಂಡಿ ಕೊಡಿ ಸಾಕು. ಇಷ್ಟವಾಗಿದ್ದರೆ ಲೇಖಕರಿಗೆ ಒಂದು ಕಾಮೆಂಟ್ ಹಾಕಿ, ಯಾವ ಸಾಲು ಹಿಡಿಸಿತು ಎಂದು ಆ ಸಾಲನ್ನೇ ಎತ್ತಿ ಬರೆಯಿರಿ. ಕನ್ನಡದವರು ಬರೆದಿದ್ದರೆ ಕನ್ನಡದಲ್ಲೇ ಬರೆಯಿರಿ.